ನಕಲಿ ಡೇಟಾದಲ್ಲಿ ಸಿಕ್ಕಿದ 104 ವರ್ಷದ ಅಜ್ಜಿ

ಸಿಂಥೆಟಿಕ್ ಡೇಟಾ, ಅಂದರೆ ಅಸಲಿಯಂತೆ ಕಾಣುವ ನಕಲಿ ಡೇಟಾ, ಕಳಿಸಲು ಇನ್ನೊಂದೇ ದಿನ ಇತ್ತು. ಸುಮ್ನೆ ಒಮ್ಮೆ ನೋಡೋಣ ಅಂತ ವಯಸ್ಸಿನ ಕಾಲಂ ಅನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಮೊದಲ ಸಾಲಿನಲ್ಲೇ 104 ವರ್ಷದ ಹೆಂಗಸು, ಜೊತೆಗೆ ಅಪರೂಪದ ಒಂದು ರಕ್ತದ ಕಾಯಿಲೆ. ಎದೆ ಧಸಕ್ಕೆಂದಿತು. ಅಸಲಿ ಡೇಟಾ ತೆರೆದೆ. ಅಲ್ಲಿ ಆ ವಯಸ್ಸಿನವರು ಇದ್ದದ್ದು ಒಬ್ಬರೇ. ಹೆಂಗಸು, ಅದೇ ಕಾಯಿಲೆ.

ಕೆಲಸ ಇಷ್ಟೇ ಆಗಿತ್ತು: ಒಂದು ಆಸ್ಪತ್ರೆಯ ಭೇಟಿ ದಾಖಲೆಗಳಂತೆಯೇ ಕಾಣುವ ನಕಲಿ ಡೇಟಾ ಮಾಡಿ, ಸಾಫ್ಟ್‌ವೇರ್ ಬರೆಯುವ ಹೊರಗಿನ ತಂಡಕ್ಕೆ ಕೊಡಬೇಕು. ಹೆಸರು, ಫೋನ್ ನಂಬರ್ ಎಲ್ಲ ಮೊದಲೇ ತೆಗೆದಿದ್ದೆ. ಅದೊಂದರಿಂದ ಏನೂ ಆಗದು ಅಂತ ಗೊತ್ತಿತ್ತು. ಅಮೆರಿಕದ 1990ರ ಜನಗಣತಿ ಹಿಡಿದು ಸಂಶೋಧಕಿ ಲಟಾನ್ಯಾ ಸ್ವೀನಿ ಲೆಕ್ಕ ಹಾಕಿದ್ದರು: ಪಿನ್ ಕೋಡ್, ಲಿಂಗ, ಹುಟ್ಟಿದ ದಿನಾಂಕ ಈ ಮೂರೇ ಸಾಕು, ಅಲ್ಲಿನ 87% ಜನರನ್ನು ಬೇರೆಯವರಿಂದ ಬಿಡಿಸಿ ಗುರುತಿಸಬಹುದು. ಅದಕ್ಕೇ ಸಿಟಿಗ್ಯಾನ್ ಮಾಡೆಲ್ ಟ್ರೈನ್ ಮಾಡಿದ್ದು; ಅಸಲಿ ಟೇಬಲ್ ನೋಡಿ ಕಲಿತು ಅದೇ ಥರದ ಹೊಸ ಸಾಲು ಹುಟ್ಟಿಸುವ ಎಐ ಮಾಡೆಲ್ ಅದು. ಸಾಲುಗಳೇ ಹೊಸದಾಗಿ ಹುಟ್ಟಿದ ಮೇಲೆ ಯಾರನ್ನು ಗುರುತಿಸುತ್ತಾರೆ, ಅಲ್ವಾ? ಹಾಗಂದುಕೊಂಡಿದ್ದೆ.

ನಾನು ಪರೀಕ್ಷೆಯನ್ನೂ ಮಾಡಿದ್ದೆ. ಪ್ರತಿ ನಕಲಿ ಸಾಲಿಗೆ ಅತಿ ಹತ್ತಿರದ ಅಸಲಿ ಸಾಲು ಎಷ್ಟು ದೂರ ಇದೆ ಅಂತ ಅಳೆಯುವ ಪರೀಕ್ಷೆ ಅದು. ಸರಾಸರಿ ಚೆನ್ನಾಗಿತ್ತು, ತದ್ರೂಪು ಸಾಲು ಒಂದೂ ಇರಲಿಲ್ಲ. ಅಜ್ಜಿಯ ಸಾಲಿನಲ್ಲಿ ದಾಖಲಾಗಿದ್ದ ದಿನಗಳ ಸಂಖ್ಯೆ ಮಾತ್ರ ಬೇರೆ ಇತ್ತು, ಹಾಗಾಗಿ ಅದೂ ಪಾಸು. ಸಾವಿರಾರು ಸಾಮಾನ್ಯ ಸಾಲುಗಳ ಸರಾಸರಿಯಲ್ಲಿ ಒಬ್ಬ ಅಜ್ಜಿ ಎಲ್ಲಿ ಕಾಣಬೇಕು? ಆ ಪರೀಕ್ಷೆಯನ್ನು ನಾನು ಈಗಲೂ ಓಡಿಸುತ್ತೇನೆ. ಆದರೆ ಅದು ಮಾಡೆಲ್ ಕೆಟ್ಟಿದೆ ಅಂತ ಹೇಳಿದರೆ ನಂಬುತ್ತೇನೆ, ಸರಿಯಿದೆ ಅಂದರೆ ನಂಬುವುದಿಲ್ಲ.

ಸೋರಿದ್ದು ಎರಡು ಕಡೆ. ಮಾಡೆಲನ್ನು ಜಾಸ್ತಿ ಹೊತ್ತು ಟ್ರೈನ್ ಮಾಡಿದ್ದೆ, ಅದು ಅಪರೂಪದ ಸಾಲುಗಳನ್ನು ಬಾಯಿಪಾಠ ಮಾಡಿತ್ತು. ಇದನ್ನು ಊಹಿಸಬಹುದಿತ್ತು. ಇನ್ನೊಂದು ನನ್ನದೇ ಕೋಡ್. ವಯಸ್ಸಿನ ಕನಿಷ್ಠ, ಗರಿಷ್ಠ ಎರಡನ್ನೂ ಅಸಲಿ ಡೇಟಾದಿಂದಲೇ ಓದಿ ಮಿತಿ ಹಾಕಿದ್ದೆ. ಗರಿಷ್ಠ ಅಂದರೆ ಆ ಅಜ್ಜಿಯೇ! ಕಾಯಿಲೆಗಳ ಪಟ್ಟಿಯನ್ನೂ ಹಾಗೇ ಮಾಡಿದ್ದೆ. ಒಬ್ಬರಿಗಷ್ಟೇ ಇದ್ದ ಕಾಯಿಲೆಯ ಹೆಸರು ಪಟ್ಟಿಯಲ್ಲಿ ಬಂದರೆ ಅಲ್ಲಿಗೆ ಮುಗಿಯಿತು.

ಎಲ್ಲ ಬದಿಗಿಟ್ಟು ಮತ್ತೆ ಶುರು ಮಾಡಿದೆ. ಈ ಸಲ ಡಿಫರೆನ್ಷಿಯಲ್ ಪ್ರೈವಸಿ, ಅಂದರೆ 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಜೊತೆಗಾರರು ಕೊಟ್ಟ ಲೆಕ್ಕ. ಒಬ್ಬ ವ್ಯಕ್ತಿ ಡೇಟಾದಲ್ಲಿ ಇದ್ದರೂ ಇಲ್ಲದಿದ್ದರೂ ಹೊರಬರುವ ಫಲಿತಾಂಶ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಎಷ್ಟು ಹೆಚ್ಚುಕಡಿಮೆ ಅನ್ನುವುದನ್ನು ಎಪ್ಸಿಲಾನ್ ಹೇಳುತ್ತದೆ. ನಾನು ಇದನ್ನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಅಜ್ಜಿ ಡೇಟಾದಲ್ಲಿದ್ದಾರಾ ಅಂತ ಒಬ್ಬ ಕಿಡಿಗೇಡಿ ನಾಣ್ಯ ಚಿಮ್ಮಿ ಊಹಿಸಿದರೆ 50% ಸರಿ. ಎಪ್ಸಿಲಾನ್ 1 ಇದ್ದರೆ ಅವನ ಊಹೆ ಹೆಚ್ಚೆಂದರೆ 73% ಸರಿ ಹೋಗಬಹುದು. 3 ಇದ್ದರೆ 95%. 10 ಅಂದರೆ ಕಾಗದದ ಮೇಲೆ ರಕ್ಷಣೆಯೇ ಇಲ್ಲ ಅನ್ನಿ. ನಾನು 1ಕ್ಕೆ ನಿಂತೆ.

ಆಮೇಲೆ ಹೊಳೆದದ್ದು ಇನ್ನೂ ಮುಖ್ಯ. ನಮ್ಮ ಡೇಟಾದಲ್ಲಿ ಒಂದು ಸಾಲು ಅಂದರೆ ಒಂದು ಭೇಟಿ, ಒಬ್ಬ ವ್ಯಕ್ತಿ ಅಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುವವರದ್ದು ವರ್ಷಕ್ಕೆ ಸುಮಾರು 150 ಸಾಲು. ಸಾಲಿನ ಲೆಕ್ಕದಲ್ಲಿ ಎಪ್ಸಿಲಾನ್ 1 ಅಂದರೆ ಆ ವ್ಯಕ್ತಿಯ ಪಾಲಿಗೆ ಅದು 150! ಯಾರ ಗುಟ್ಟು ಹೆಚ್ಚು ಕಾಪಾಡಬೇಕೋ ಅವರಿಗೇ ರಕ್ಷಣೆ ಎಲ್ಲರಿಗಿಂತ ಕಡಿಮೆ. ಹಾಗಾಗಿ ಒಬ್ಬರಿಂದ ಹೆಚ್ಚೆಂದರೆ 10 ಭೇಟಿ ಅಂತ ಮಿತಿ ಹಾಕಿದೆ. ಯಾವ 10 ಭೇಟಿ ಅನ್ನುವುದನ್ನು ಕಣ್ಣುಮುಚ್ಚಿ ಆರಿಸಿದೆ, ನಾಯ್ಸ್ ಅನ್ನು, ಅಂದರೆ ಗುಟ್ಟು ಮುಚ್ಚಲು ಬೇಕೆಂದೇ ಬೆರೆಸುವ ಏರುಪೇರನ್ನು, ವ್ಯಕ್ತಿಯ ಲೆಕ್ಕಕ್ಕೆ ಹೊಂದಿಸಿದೆ.

ಗ್ಯಾನ್ ಕೈಬಿಟ್ಟೆ. ಎರಡೆರಡು ಕಾಲಂಗಳ ಎಣಿಕೆ ತೆಗೆದು, ಅದಕ್ಕೆ ನಾಯ್ಸ್ ಸೇರಿಸಿ, ಅದರಿಂದ ಸಾಲು ಹುಟ್ಟಿಸುವ ಎಂಎಸ್‌ಟಿ ವಿಧಾನ ಹಿಡಿದೆ. ನಮ್ಮಂಥ ಟೇಬಲ್ ಡೇಟಾಗೆ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ವಯಸ್ಸಿಗೆ ಮಿತಿ ನಾನೇ ಬರೆದೆ: 90 ಮತ್ತು ಮೇಲ್ಪಟ್ಟವರೆಲ್ಲ ಒಂದೇ ಗುಂಪು. ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ ಹಿಪಾ ನಿಯಮದಲ್ಲಿ ಗುರುತು ಅಳಿಸಲು ಇರುವ ಒಂದು ದಾರಿಯಲ್ಲೂ ಹೀಗೇ ಇದೆ. ಕಾಯಿಲೆಗಳ ಪಟ್ಟಿಯನ್ನು ಡೇಟಾದಿಂದ ತೆಗೆಯದೆ, ಎಲ್ಲರಿಗೂ ಸಿಗುವ ಐಸಿಡಿ-10 ಕೋಡ್ ಪುಸ್ತಕದಿಂದ ತಂದೆ.

ಒಂದು ತಪ್ಪು ಆಗಲೂ ಮಾಡಿದೆ. ಫಲಿತಾಂಶ ಹಿಡಿಸದೆ ಸೆಟ್ಟಿಂಗ್ ಬದಲಿಸಿ ನಾಲ್ಕು ಸಲ ಓಡಿಸಿದ್ದೆ. ಪ್ರತಿ ಓಟವೂ ಅಸಲಿ ಡೇಟಾ ಮುಟ್ಟುತ್ತದೆ, ಎಪ್ಸಿಲಾನ್ ಕೂಡುತ್ತಾ ಹೋಗುತ್ತದೆ. ಆ ನಾಲ್ಕನ್ನೂ ಅಳಿಸಿದೆ. ನಾನೇ ಕೈಯಾರೆ ಕಟ್ಟಿದ ಸುಳ್ಳು ಡೇಟಾದ ಮೇಲೆ ಸೆಟ್ಟಿಂಗ್ ಸರಿಮಾಡಿಕೊಂಡು, ಆಮೇಲೆ ಅಸಲಿಯ ಮೇಲೆ ಒಂದೇ ಸಲ ಓಡಿಸಿದೆ.

ಮತ್ತೆ ವಯಸ್ಸಿನ ಕಾಲಂ ಜೋಡಿಸಿದೆ. ಮೇಲೆ ಬರೀ "90+" ಸಾಲುಗಳು. ಆ ರಕ್ತದ ಕಾಯಿಲೆ ಒಂಬತ್ತು ಕಡೆ ಇತ್ತು, ಅದರಲ್ಲಿ ಒಬ್ಬರು ಆರು ವರ್ಷದ ಹುಡುಗ. ಎಲ್ಲ ನಾಯ್ಸ್‌ನ ಆಟ. ಹೊರಗಿನ ತಂಡದವರು ಎರಡೇ ದಿನದಲ್ಲಿ ಕೇಳಿದರು, "ಅಪರೂಪದ ಕಾಯಿಲೆಗಳ ಸಂಖ್ಯೆ ಯಾಕೋ ವಿಚಿತ್ರವಾಗಿದೆಯಲ್ಲ?" ಹೌದು, ಹಾಗೇ ಇರಬೇಕು ಅಂದೆ. ನಿಮ್ಮ ಫಾರ್ಮ್, ರಿಪೋರ್ಟ್ ಪರೀಕ್ಷಿಸಲು ಇದು ಸಾಕು. ಆ ಕಾಯಿಲೆ ಎಷ್ಟು ಜನಕ್ಕಿದೆ ಅಂತ ತಿಳಿಯಬೇಕಿದ್ದರೆ ಪ್ರಶ್ನೆ ಬರೆದು ಕಳಿಸಿ, ಆಸ್ಪತ್ರೆಯವರು ಒಳಗೇ ಓಡಿಸಿ ಉತ್ತರ ಕೊಡುತ್ತಾರೆ.