ಗೋವಾದ ಮನೆಗೆ ವಿದೇಶಿ ಅತಿಥಿ ಬರುವ ಮುನ್ನ

ವಾಸ್ಕೋ, ಮಡಗಾಂವ್‌ಗಳ ಕನ್ನಡಿಗರ ಮನೆಗೆ ವಿದೇಶಿ ಸ್ನೇಹಿತರು ಬರುವುದಾದರೆ, ಟಿಕೆಟ್ ಕಾಯ್ದಿರಿಸುವ ಮೊದಲು ಅವರ ಪಾಸ್‌ಪೋರ್ಟ್ ಪರಿಶೀಲಿಸಬೇಕು: ಅದು ಭಾರತಕ್ಕೆ ಬಂದಿಳಿಯುವ ದಿನದಿಂದ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು, ಮುದ್ರೆಗೆ 2 ಖಾಲಿ ಪುಟಗಳೂ ಇರಬೇಕು. ಇ-ವೀಸಾ ಅರ್ಜಿಯನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲೇ, ಪ್ರಯಾಣಕ್ಕೆ ಕನಿಷ್ಠ 4 ದಿನ ಮೊದಲು ಸಲ್ಲಿಸಬೇಕು. ಅದನ್ನೇ ಹೋಲುವ ದಲ್ಲಾಳಿ ತಾಣಗಳು ಸುಮ್ಮನೆ ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ತುಂಬಿದರೂ ದಾಖಲೆಗಳು ತಾಳೆಯಾಗದೆ, ವಿಮಾನ ಹತ್ತುವಲ್ಲೇ ತಡೆಯಾಗಬಹುದು. ಗೋವಾದ ದಾಬೋಳಿ, ಮೋಪಾ ಎರಡೂ ವಿಮಾನ ನಿಲ್ದಾಣಗಳಲ್ಲಿ ಇ-ವೀಸಾ ನಡೆಯುತ್ತದೆ. ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇದ್ದವರಿಗೆ ವೀಸಾ ಬೇಡ.

ಅತಿಥಿ ಹೋಟೆಲಿಗೆ ಹೋಗದೆ ನಿಮ್ಮಲ್ಲೇ ತಂಗಿದರೆ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವ ಹೊಣೆ ನಿಮ್ಮದು. ಬಾಡಿಗೆ ಪಡೆಯದಿದ್ದರೂ ಈ ನಿಯಮ ತಪ್ಪದು.