ಕಾಲು ಎಳೆದುಕೊಂಡಿತು, ಅವನಿಗೆ ಗೊತ್ತಾಗಲಿಲ್ಲ

ಮಂಡ್ಯ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಗೇ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ ತೆಂಗಿನ ಮರದಿಂದ ಬಿದ್ದವರ ಮನೆಗಳು ಹೊಸವಲ್ಲ. ಆ ಹುಡುಗನಿಗೂ ಹಾಗೇ ಆಗಿತ್ತು. ಎದೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ಘಾಸಿ. ಮೊದಲ ಕೆಲವು ವಾರ ಅಂಗಾಲು ಕೆರೆದರೂ ಕಾಲು ಮಿಸುಕುತ್ತಿರಲಿಲ್ಲ. ಪೆಟ್ಟಿನ ಹೊಸತರಲ್ಲಿ ಬೆನ್ನುಹುರಿ ಹೀಗೆ ಸ್ತಬ್ಧವಾಗುವುದುಂಟು.

ಒಂದು ಬೆಳಿಗ್ಗೆ ನಾನು ಹೊಸಿಲು ದಾಟುವ ಮೊದಲೇ ಅವನ ತಾಯಿ ಓಡಿ ಬಂದರು. "ಸಾರ್, ಅಂಗಾಲು ಒರೆಸ್ತಿದ್ದೆ, ಕಾಲು ಎಳ್ಕಂಡ! ನೋವು ಗೊತ್ತಾಯ್ತದೆ ಅಲ್ವಾ?"

ಹೂಂ ಎನ್ನಲು ಬಾಯಿ ಬರಲಿಲ್ಲ. ಹುಡುಗನಿಗೆ ಕಣ್ಣು ಮುಚ್ಚಿಸಿ, "ಚುಚ್ಚಿದಾಗ ಹೇಳಪ್ಪ" ಎಂದೆ. ಕೆಲವು ಸಲ ಪಿನ್ನಿನಿಂದ ಚುಚ್ಚಿದೆ, ಕೆಲವು ಸಲ ಸುಮ್ಮನೆ ಕೇಳಿದೆ. ಚುಚ್ಚಿದಾಗಲೆಲ್ಲ ಪಾದ, ಮಂಡಿ, ಸೊಂಟದ ಕೀಲು ಮೂರೂ ಒಟ್ಟಿಗೆ ಮಡಚಿಕೊಂಡವು. ಅವನು ಮಾತ್ರ "ಇಲ್ಲ ಸಾರ್" ಅಂತಲೇ ಇದ್ದ. ಏನೂ ಮಾಡದಿದ್ದಾಗ ಒಮ್ಮೆ "ಈಗ?" ಎಂದು ಕೇಳಿದ. ಆ ಆಸೆಯ ದನಿ ಇನ್ನೂ ಕಿವಿಯಲ್ಲಿದೆ.

ಮೈಸೂರಿನಲ್ಲಿ ಓದುವಾಗ ನನ್ನ ಕಾಲಿನ ಮೇಲೇ ಕಾಲು ಎಳೆತದ ಪರೀಕ್ಷೆ ಮಾಡಿಸಿಕೊಂಡಿದ್ದೆ. ಹೊರಗಿನ ಹರಡಿನ ಹಿಂದೆ ಹಾಯುವ ಸೂರಲ್ ನರಕ್ಕೆ ಸಣ್ಣ ಕರೆಂಟು ಕೊಟ್ಟರೆ 90ರಿಂದ 150 ಮಿಲಿಸೆಕೆಂಡಿನೊಳಗೆ ತೊಡೆಯ ಹಿಂದಿನ ಸ್ನಾಯು ಅದುರುವುದು ಪರದೆಯ ಮೇಲೆ ಕಾಣುತ್ತದೆ. ಆರೋಗ್ಯವಂತರಲ್ಲಿ ಆ ಅದುರು ಶುರುವಾಗುವ ಕರೆಂಟೂ ನೋವು ಶುರುವಾಗುವ ಕರೆಂಟೂ ಹತ್ತಿರ ಹತ್ತಿರ ಎಂದು ಫ್ರಾನ್ಸಿನ ಸಂಶೋಧಕ ವಿಲ್ಲೆರ್ 1977ರಲ್ಲಿ ತೋರಿಸಿದ್ದರು. ಹಾಗಾಗಿ ಎರಡೂ ಒಂದೇ ಎಂದು ನಾನೂ ನಂಬಿಕೊಂಡಿದ್ದೆ. ಅವು ಬೇರೆ ಬೇರೆ ಎಂದು ಕಣ್ಣಾರೆ ಕಂಡಿದ್ದು ಈ ಹುಡುಗನ ಮಂಚದ ಪಕ್ಕದಲ್ಲಿ.

ತಾಯಿಗೆ ಹೇಳಬೇಕಲ್ಲ. "ಅವ್ವಾ, ಬದುವಿನ ಮೇಲೆ ಮುಳ್ಳು ತುಳಿದ್ರೆ ಮೊದಲು ಕಾಲು ಎತ್ತೀರೋ, ಅಯ್ಯೋ ಅಂತೀರೋ?"

"ಕಾಲೇ ಮೊದಲು."

ಅಂಗಾಲಿನ ಸುದ್ದಿ ಬೆನ್ನುಹುರಿಯ ಕೆಳಭಾಗ ಮುಟ್ಟಿದರೆ ಸಾಕು, ಕಾಲು ಮಡಚುವ ಅಪ್ಪಣೆ ಅಲ್ಲಿಂದಲೇ ಹೊರಡುತ್ತದೆ. ಅದೇ ಸುದ್ದಿ ಮೇಲೆ ಹತ್ತಿ ಮಿದುಳು ಸೇರಿದಾಗ ಮಾತ್ರ ನೋವು. ಇವನಲ್ಲಿ ಮೇಲಿನ ದಾರಿ ಕಡಿದಿದೆ, ಕೆಳಗಿನದು ಉಳಿದಿದೆ. ಮಿದುಳಿನ ಹಿಡಿತವೂ ತಪ್ಪಿರುವುದರಿಂದ ಮೆಲ್ಲಗೆ ಒರೆಸಿದರೂ ಕಾಲು ಜೋರಾಗಿ ಎಳೆಯುತ್ತದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಾಲನ್ನು ನೆಟ್ಟಗೆ ಮಾಡಿದರು.

ಆ ಎಳೆತವನ್ನು ಕಡೆಗಣಿಸಬೇಡಿ ಎಂದೂ ಹೇಳಿಕೊಟ್ಟೆ. ಅವನಿಗೆ ತಿಳಿಯದ ತೊಂದರೆ ಕಾಲಿಗೆ ತಿಳಿಯುತ್ತದೆ. ದಿನಾ ಎಳೆಯುವುದಕ್ಕಿಂತ ಹೆಚ್ಚು ಎಳೆದರೆ ಹಾಸಿಗೆ ಹುಣ್ಣು ಆಗಿದೆಯೇ, ಉಗುರು ಒಳಗೆ ಬೆಳೆದಿದೆಯೇ, ಮೂತ್ರದ ಪೈಪು ಕಟ್ಟಿದೆಯೇ ನೋಡಬೇಕು.

ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಅವರ ಫೋನು. "ಸಾರ್, ಸಂಜೆಯಿಂದ ಕಾಲು ಒಂದೇ ಸಮ ಎಳೀತಿತ್ತು. ನೀವು ಹೇಳಿದಂಗೇ ನೋಡ್ದೆ. ಪೈಪು ತೊಡೆ ಕೆಳಗೆ ಮಡಚ್ಕಂಡಿತ್ತು, ಬಿಡಿಸ್ದೆ. ಈಗ ಕಾಲು ಸುಮ್ಕಾಗದೆ, ಮಲಗವ್ನೆ."