ಉರಿಮೂತ್ರವೇ? ಮಾತ್ರೆ ನುಂಗುವ ಮೊದಲು ಕಲ್ಚರ್‌ಗೆ ಹೀಗೆ ಕೊಡಿ

ಮೂತ್ರ ಮಾಡುವಾಗ ಉರಿ. ಮತ್ತೆ ಮತ್ತೆ ಓಡಬೇಕು ಅನಿಸುತ್ತದೆ, ಹೋದರೆ ನಾಲ್ಕೇ ಹನಿ. ಕೆಳಹೊಟ್ಟೆ ಹಿಂಡಿದಂತೆ ನೋವು. ಕೆಲವರಿಗೆ ರಕ್ತವೂ ಬರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ಉಷ್ಣ ಆಗಿದೆ’ ಅನ್ನುತ್ತಾರೆ. ಬಾರ್ಲಿ ನೀರು ಕುಡಿಯಿರಿ, ತಪ್ಪಿಲ್ಲ. ಆದರೆ ಇದು ಹೆಚ್ಚಿನ ಸಲ ಸೋಂಕು. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಮೂತ್ರನಾಳ ಹತ್ತಿರುತ್ತದೆ. ಹೆಂಗಸರಲ್ಲಿ ಆ ನಾಳ ಸುಮಾರು 4 ಸೆಂ.ಮೀ., ಗಂಡಸರಲ್ಲಿ ಸುಮಾರು 20. ಹೆಂಗಸರಿಗೇ ಜಾಸ್ತಿ ಬರುವುದು ಅದಕ್ಕೇ.

ಮೊದಲ ಸಲದ ಸಾದಾ ಸೋಂಕಿಗೆ ಡಾಕ್ಟರು ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಇಲ್ಲದೆಯೂ ಔಷಧಿ ಬರೆಯಬಹುದು. ಆದರೆ ಪದೇ ಪದೇ ಸೋಂಕು ಬರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಗಂಡಸರು, ಮಕ್ಕಳು ಕಲ್ಚರ್ ಮಾಡಿಸಲೇಬೇಕು. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಸ್ಯಾಂಪಲ್ ಕೆಟ್ಟು, ಜ್ವರದಲ್ಲೇ ಎರಡನೇ ಸಲ ಬಂದವರನ್ನು ನೋಡಿ ಸಂಕಟವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಕೊಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಬಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಸೋಂಕು ಮಾತ್ರ ಒಳಗೇ ಇರಬಹುದು. ಇನ್ನು ಸಿರಪ್ ಉರಿಯನ್ನಷ್ಟೇ ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ.

ಎರಡನೆಯದು: ಲ್ಯಾಬ್ ಕೊಡುವ ಸ್ಟೆರೈಲ್ (ಕ್ರಿಮಿಗಳಿಲ್ಲದ) ಡಬ್ಬಿಯೇ ಬೇಕು. ಕುದಿಸಿ ತೊಳೆದ ಜಾಮ್ ಬಾಟಲಿ ಬೇಡ.

ಈಗ ಮೂತ್ರ ಹಿಡಿಯುವುದು. ಎಲ್ಲರೂ ತಪ್ಪುವುದು ಇಲ್ಲೇ. ಮೊದಲು ಸೋಪಿನಿಂದ ಕೈ ತೊಳೆಯಿರಿ. ಹೆಂಗಸರು ಯೋನಿಯ ತುಟಿಗಳನ್ನು ಒಂದು ಕೈಯ ಬೆರಳುಗಳಿಂದ ಬಿಡಿಸಿ, ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆಯಬೇಕು. ಡೆಟಾಲ್ ಬೇಡವೇ ಬೇಡ, ಅದರ ಹನಿ ಡಬ್ಬಿಗೆ ಬಿದ್ದರೆ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ.

ಬಿಡಿಸಿದ ಬೆರಳನ್ನು ತೆಗೆಯದೆ ಮೊದಲ ಧಾರೆಯನ್ನು ಟಾಯ್ಲೆಟ್‌ಗೆ ಬಿಡಿ. ನಾಳದ ಬಾಯಲ್ಲಿರುವ ಕೊಳೆ ಅದರಲ್ಲಿ ಕೊಚ್ಚಿಹೋಗುತ್ತದೆ. ಧಾರೆ ನಿಲ್ಲಿಸದೆಯೇ ಡಬ್ಬಿಯನ್ನು ಅಡ್ಡ ಹಿಡಿಯಿರಿ. 20–30 ಮಿ.ಲೀ. ಸಾಕು. ಡಬ್ಬಿ ತೆಗೆದು ಉಳಿದದ್ದನ್ನು ಹೊರಗೆ ಬಿಡಿ. ಡಬ್ಬಿಯ ಅಂಚು ಮೈಗೆ ತಾಗಬಾರದು. ಮುಚ್ಚಳದ ಒಳಭಾಗವನ್ನು ಮುಟ್ಟಬಾರದು, ಸಿಂಕ್ ಮೇಲೆ ಕವುಚಿ ಇಡಬಾರದು. ಮಗ್ಗಿನಲ್ಲಿ ಹಿಡಿದು ಆಮೇಲೆ ಸುರಿಯುವವರಿದ್ದಾರೆ. ಆಗ ಬೆಳೆಯುವುದು ಮಗ್ಗಿನ ಬ್ಯಾಕ್ಟೀರಿಯಾ! ರಿಪೋರ್ಟಿನಲ್ಲಿ ‘ಮಿಕ್ಸೆಡ್ ಗ್ರೋತ್’ (ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತು ಬೆಳೆದಿವೆ) ಅಂತ ಬಂದರೆ ಬಹುಪಾಲು ಇಂಥದ್ದೇ ಕಾರಣ.

ಬಿಗಿಯಾಗಿ ಮುಚ್ಚಿ ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಆಗದಿದ್ದರೆ ಫ್ರಿಜ್‌ನಲ್ಲಿ ಇಡಿ, ಫ್ರೀಜರ್‌ನಲ್ಲಲ್ಲ. ಬೆಚ್ಚಗಿದ್ದರೆ ಇ. ಕೋಲೈ ಸುಮಾರು 20 ನಿಮಿಷಕ್ಕೆ ಇಮ್ಮಡಿಯಾಗಬಲ್ಲದು. ಬೆಳಿಗ್ಗೆ ಹಿಡಿದು ಸ್ಕೂಟರ್ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನ ತಂದರೆ ಬ್ಯಾಕ್ಟೀರಿಯಾದ ಲೆಕ್ಕವೇ ಸುಳ್ಳಾಗುತ್ತದೆ.

ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಅದರಲ್ಲಿ ಔಷಧಿಯ ಹೆಸರಿನ ಮುಂದೆ ‘ಎಸ್’ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆ, ‘ಆರ್’ ಇದ್ದರೆ ಬಗ್ಗುವುದಿಲ್ಲ. ಆಯ್ಕೆ ಡಾಕ್ಟರದ್ದು.

ಈ ನಡುವೆ ಚಳಿಜ್ವರ, ಸೊಂಟದ ಮೇಲೆ ಪಕ್ಕೆಯಲ್ಲಿ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರಿಗೆ ಅವಧಿಗೆ ಮುಂಚೆ ಹೆರಿಗೆ ಆಗಬಹುದು. ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೂ ಸುಮ್ನೆ ಬಿಡಬೇಡಿ. ರಿಪೋರ್ಟಿಗೆ ಕಾಯದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಜತೆಗಿರಲಿ.